ಇನ್ನೆಷ್ಟು ಉಳಿದಿತ್ತು?

ತುಳುನಾಡಿನಲ್ಲಿ ಆ ವರ್ಷದ ಕೋಲಗಳಿಗೆ ತೆರೆಬೀಳುವ ದಿನವಾದ ಪತ್ತನಾಜೆಗೆ ಇನ್ನೊಂದು ವಾರವಿತ್ತು. ಹಿಂದಿನ ರಾತ್ರಿ ಕುಟುಂಬದ ಮನೆಯಲ್ಲಿ ದೈವದ ಕೋಲ. ನಾನು ಮಲಗುವಾಗ ಬೆಳಗಿನ ಐದೂವರೆ. ಎರಡು ಗಂಟೆ ನಿದ್ದೆ ಮಾಡಿ ಬ್ಯಾಂಕಿಗೆ ಹೋಗಿ, ಸಂಜೆ ಮಂಗಳೂರಿನ ಉರ್ವಸ್ಟೋರ್ ಹತ್ತಿರದ ವ್ಯಾಯಾಮಶಾಲೆಗೆ ಬಂದಾಗ ತಲೆಯಲ್ಲಿ ಒಂದೇ ಅಂಕಿ: 150. ಅಲ್ಲಿಯವರೆಗೆ ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವುದರಲ್ಲಿ, ನಾನು ಎತ್ತಿದ್ದ ಅತಿ ಹೆಚ್ಚಿನ ಭಾರ 140 ಕೆ.ಜಿ. ಆ ವಾರ 120 ಕೆ.ಜಿ.ಯನ್ನು ಐದು ಸಲ ಎತ್ತಿದ್ದೆ. ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರವನ್ನು ಅಂದಾಜಿಸುವ ಎಪ್ಲಿ ಸೂತ್ರದ ಪ್ರಕಾರ ಐದನ್ನು 30ರಿಂದ ಭಾಗಿಸಿ, ಒಂದನ್ನು ಕೂಡಿಸಿ, 120ರಿಂದ ಗುಣಿಸಿದರೂ ಬರುವುದು 140 ಮಾತ್ರ. ದಿನವಿಡೀ ಊರವರ ಲೆಕ್ಕ ನೋಡುವ ನಾನು ನನ್ನ ಲೆಕ್ಕವನ್ನು ನಂಬಲಿಲ್ಲ.

20 ಕೆ.ಜಿ.ಯ ಬಾರ್‌ಗೆ ಒಂದೊಂದು ಬದಿಯಲ್ಲಿ 20ರ ಮೂರು ಪ್ಲೇಟ್, 5ರ ಒಂದು. ಮೊದಲ ಸಲ ಮೊಣಕಾಲಿನವರೆಗೂ ಬರಲಿಲ್ಲ. ನಮ್ಮ ವಂಡ್ಸೆಯ ಕಡೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕ್ಲೀನ್ ಆ್ಯಂಡ್ ಜರ್ಕ್‌ನ (ಬಾರನ್ನು ಭುಜಕ್ಕೆ ತಂದು ತಲೆಯ ಮೇಲೆತ್ತುವುದು) ಮೊದಲ ಯತ್ನ ಕೈಕೊಟ್ಟ ಮೇಲೂ ಕೊನೆಯದರಲ್ಲಿ 138 ಎತ್ತಿ ಬೆಳ್ಳಿ ತಂದರಲ್ಲ, ಅದು ನೆನಪಾಯಿತು. ಅವರು ಎಷ್ಟು ವರ್ಷ ಪಳಗಿದವರು, ಆ ಹಿಂದಿನ ರಾತ್ರಿ ಎಷ್ಟು ಮಲಗಿದ್ದರು ಎಂಬುದು ನೆನಪಾಗಲಿಲ್ಲ. ಎರಡನೇ ಸಲ ಎಳೆದೆ. ಸೊಂಟ ಮೊದಲೇ ಮೇಲೆದ್ದಿತು, ಬೆನ್ನು ಬಿಲ್ಲಿನಂತೆ ಬಾಗಿತು, ಬೆನ್ನಿನ ಕೆಳಭಾಗದ ಎಡಗಡೆ ಚುಳ್ಳೆಂದಿತು.

ಹನ್ನೊಂದು ದಿನ ಸಾಕ್ಸ್ ಹಾಕಿಕೊಟ್ಟದ್ದು ಹೆಂಡತಿ. ಅದರ ಬಗ್ಗೆ ಮನೆಯಲ್ಲಿ ಈಗಲೂ ಮಾತು ಕೇಳುತ್ತೇನೆ. ಕಾಲಿಗೆ ಜೋಮು ಇಳಿದಿರಲಿಲ್ಲ, ಅದೊಂದು ಪುಣ್ಯ. ಇಳಿದಿದ್ದರೆ ಮನೆಯಲ್ಲಿ ಎಣ್ಣೆ ತಿಕ್ಕಿಕೊಂಡು ಕೂರುವ ವಿಷಯವಲ್ಲ ಎಂದು ವೈದ್ಯರು ಗದರಿಸಿಯೇ ಹೇಳಿದರು.

ಎರಡು ತಿಂಗಳ ಬಳಿಕ ಮರಳಿದಾಗ ಕೋಚ್ ಒಂದು ನೋಟ್‌ಬುಕ್ ಕೈಗಿತ್ತರು. ಭಾರ, ರೆಪ್ (ಎತ್ತಿದ ಸಲ), ಸೆಟ್ (ಬಿಡುವಿಲ್ಲದೆ ಮಾಡಿದ ರೆಪ್‌ಗಳ ಒಂದು ಸುತ್ತು) ಬರೆದ ಮೇಲೆ ಪಕ್ಕದಲ್ಲಿ ಇನ್ನೊಂದು ಕಾಲಂ: ‘ಉಳಿದದ್ದು’. ಸೆಟ್ ಮುಗಿಸಿ ಬಾರ್ ಕೆಳಗಿಟ್ಟ ತಕ್ಷಣ, ಸರಿಯಾದ ಭಂಗಿಯಲ್ಲಿ ಇನ್ನೆಷ್ಟು ರೆಪ್ ಆಗುತ್ತಿತ್ತು ಎಂದು ಬರೆಯಬೇಕು. ಹೆಚ್ಚಿನ ದಿನ ಅಲ್ಲಿ ಎರಡು ಅಥವಾ ಮೂರು ಇರಬೇಕು. ಸೊನ್ನೆ ಅಪರೂಪಕ್ಕೆ.

ಸುಲಭ ಎಂದುಕೊಂಡೆ. ಒಂದು ತಿಂಗಳು ಬರೆದ ಮೇಲೆ ಕೋಚ್ ಪರೀಕ್ಷೆಯಿಟ್ಟರು. ರ್‍ಯಾಕ್‌ನ ಎರಡೂ ಬದಿಗೆ ತಡೆಕಂಬಿ ಹಾಕಿಸಿ, ‘ಎರಡು ಉಳಿದಿದೆ’ ಎಂದು ನಾನು ನಿಲ್ಲಿಸುತ್ತಿದ್ದ ಸ್ಕ್ವಾಟ್ (ಬಾರನ್ನು ಹೆಗಲಿಗೇರಿಸಿ ಕುಳಿತು ಏಳುವುದು) ಭಾರವನ್ನೇ ಕೊಟ್ಟು, “ಏಳಲಾಗದೆ ಕುಳಿತುಬಿಡುವವರೆಗೂ ಮಾಡಿ” ಎಂದರು. ಎರಡಲ್ಲ, ಆರು ಹೆಚ್ಚಾಯಿತು. ನನಗೇ ನಾಚಿಕೆ. ಡೆಡ್‌ಲಿಫ್ಟ್‌ನಲ್ಲಿ ತದ್ವಿರುದ್ಧ. ಅಲ್ಲಿ ಸೋಲುವವರೆಗೆ ಎಳೆಸದೆ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ತೋರಿಸಿದರು: ‘ಎರಡು’ ಎಂದು ಬರೆದ ಸೆಟ್‌ನ ಕೊನೆಯ ರೆಪ್‌ನಲ್ಲೇ ಬೆನ್ನು ಬಾಗಿತ್ತು. ಅಂದರೆ ಸೊನ್ನೆಗಿಂತಲೂ ಕೆಳಗೆ. ಒಂದೇ ಮೈ, ಒಂದು ಕಡೆ ಸೋಮಾರಿ, ಇನ್ನೊಂದು ಕಡೆ ಹುಂಬ.

ಈಗ ನಾನು ನಂಬುವುದು ಬಾರ್‌ನ ವೇಗವನ್ನು. ಉರಿ, ಏದುಸಿರು, ಬೆವರು ಎಲ್ಲವೂ ಸುಳ್ಳು ಹೇಳಬಲ್ಲವು. ಬೆವರಂತೂ ಮಂಗಳೂರಿನಲ್ಲಿ ಷೂ ಕಟ್ಟುವಾಗಲೇ ಹರಿಯುತ್ತದೆ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ, ಎದೆಬಡಿತ ಏರಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ 100 ಕೆ.ಜಿ. ಬೇರೆಯೇ ಭಾರ. ಆದರೆ ಮನಸ್ಸಿಟ್ಟು ತಳ್ಳುತ್ತಿದ್ದರೂ ಬಾರ್ ಹಿಂದಿನ ರೆಪ್‌ಗಿಂತ ಎದ್ದುಕಾಣುವಷ್ಟು ನಿಧಾನವಾಯಿತೆಂದರೆ ಒಂದೋ ಎರಡೋ ಉಳಿದಿದೆ, ಅಷ್ಟೇ. ಭಂಗಿ ಕೆಟ್ಟರೆ ಎಣಿಕೆ ಅಲ್ಲಿಗೇ ಮುಗಿಯಿತು.

ನೋವನ್ನೂ ಬೇರ್ಪಡಿಸಲು ಕಲಿತೆ. ಎರಡನೇ ದಿನ ಎರಡೂ ತೊಡೆ ಸಮನಾಗಿ ಹಿಡಿದುಕೊಂಡು ಮೆಟ್ಟಿಲಿಳಿಯಲು ಕಷ್ಟವಾದರೆ ಅದು ಮಾಂಸಖಂಡದ ದೂರು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಒಂದೇ ಬದಿಗೆ, ಕೀಲಿನ ಹತ್ತಿರ, ಚುಚ್ಚುವಂತೆ ಬಂದರೆ ಆ ದಿನ ಬಾರ್ ಮುಟ್ಟುವುದಿಲ್ಲ. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಮಾಂಸಖಂಡಕ್ಕಿಂತ ನಿಧಾನವಾಗಿ ಗಟ್ಟಿಯಾಗುತ್ತದೆ. ನನ್ನ ತೊಡೆ 150ಕ್ಕೆ ಸಿದ್ಧವಾಗಿದ್ದರೂ ಅದು ಸಿದ್ಧವಿರಬೇಕೆಂದಿಲ್ಲ. ವಿಪರೀತ ಮೈನೋವಿನ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯುವುದೇ ಬೇಡ, ನೇರವಾಗಿ ಆಸ್ಪತ್ರೆಗೆ: ಒಡೆದ ಮಾಂಸಖಂಡದ ಅಂಶ ಮೂತ್ರಪಿಂಡವನ್ನು ಕೆಡಿಸಬಲ್ಲದು. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗರಿಗೆ ಪ್ರೋಟೀನ್ ಡಬ್ಬದ ಬೆಲೆ ಗೊತ್ತು, ಇದು ಗೊತ್ತಿಲ್ಲ.

ಕೋಲ, ಮದುವೆ, ವರ್ಷಾಂತ್ಯದ ಲೆಕ್ಕ ಎಂದು ನಿದ್ದೆಗೆಟ್ಟ ದಿನ ಭಾರವನ್ನು ಶೇಕಡಾ ಹತ್ತು ಇಳಿಸುತ್ತೇನೆ. ಗಂಜಿ, ಬಂಗುಡೆ ಎಷ್ಟು ತಿಂದರೂ ಆ ಕೊರತೆ ತುಂಬುವುದಿಲ್ಲ. ಆ 150 ಒಂದೂವರೆ ವರ್ಷದ ಮೇಲೆ, ಡಿಸೆಂಬರಿನ ಒಂದು ಬೆಳಿಗ್ಗೆ, ಹೆಚ್ಚು ಗಲಾಟೆಯಿಲ್ಲದೆ ಎದ್ದಿತು. ನೋಟ್‌ಬುಕ್‌ನಲ್ಲಿ ‘ಉಳಿದದ್ದು: 1’ ಎಂದಿದೆ. ಇನ್ನೊಂದು ಪ್ಲೇಟ್ ಹಾಕಲು ಕೈ ತುರಿಸಿತು, ಹಾಕಲಿಲ್ಲ.

ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ ಮಾತ್ರ ಇನ್ನೂ ಅಂದಾಜಿಗೆ ಸಿಕ್ಕಿಲ್ಲ. ಕಳೆದ ಗುರುವಾರ ಎರಡನೇ ಸೆಟ್ ಮುಗಿಸಿ ‘2’ ಎಂದು ಬರೆದೆ. ಅದೇ ಭಾರದಲ್ಲಿ ಮೂರನೇ ಸೆಟ್. ಅಷ್ಟೇ ರೆಪ್ ಆಗುವ ಮೊದಲೇ ಬಾರ್ ಎದೆಯ ಮೇಲೆ ಕೂತಿತು. ಪಕ್ಕದಲ್ಲಿದ್ದ ಹುಡುಗ ಓಡಿಬಂದು ಎತ್ತಿಟ್ಟ. ನೆಲದಲ್ಲಿದ್ದ ನೋಟ್‌ಬುಕ್ಕಿನತ್ತ ನೋಡಿ, “ಅಣ್ಣಾ, ಈ ಎರಡು ಎಲ್ಲಿಗೆ ಹೋಯಿತು ಮಾರಾಯ್ರೆ?” ಎಂದು ಕೇಳಿದ.