ಆಯಿಲ್ ಪ್ರೆಶರ್ ದೀಪ: ಘಾಟಿ ಹತ್ತಿಸಿ ಅಳೆದ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಹಳೆಯ ಡೀಸೆಲ್ ಜೀಪು ನನ್ನ ಗ್ಯಾರೇಜಿಗೆ ಬರುವ ಹೊತ್ತಿಗೆ ಅದರ ಪ್ರೆಶರ್ ಸ್ವಿಚ್ಚೂ (ಆಯಿಲ್ ಒತ್ತಡ ಇಳಿದರೆ ದೀಪ ಹೊತ್ತಿಸುವುದು) ಆಯಿಲ್ ಫಿಲ್ಟರೂ ಬದಲಾಗಿದ್ದವು. ಎಂಜಿನ್ ಕಾದ ಮೇಲೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಆ ಕೆಂಪು ದೀಪ ಮಿನುಗುವುದು ಮಾತ್ರ ನಿಂತಿರಲಿಲ್ಲ. ಬೇರಿಂಗ್ ಸವೆದಿದೆಯೆಂದು ಶಿವಮೊಗ್ಗದಲ್ಲಿ ಎಂಜಿನ್ ಬಿಚ್ಚಿ ಬೇರಿಂಗ್ ಬದಲಿಸುವ ಹಾಫ್ ಎಂಜಿನ್ ಕೆಲಸಕ್ಕೆ ಸುಮಾರು 40,000 ರೂಪಾಯಿ ಹೇಳಿದ್ದರು. ಒತ್ತಡ ಅಳೆಯುವ ಗೇಜ್ ಹಾಕಿ ನೋಡದೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪ್ ಬಿಚ್ಚುವುದಿಲ್ಲವೆಂದು ನಾನು ಪಟ್ಟು ಹಿಡಿದಾಗ, ಅದನ್ನೂ ನೋಡಿದ್ದಾಗಿದೆ, ಎಲ್ಲ ಸರಿ ತೋರಿಸುತ್ತದೆ ಎಂದು ಜೊತೆಯ ಮೆಕ್ಯಾನಿಕ್‌ಗಳು ನಕ್ಕರು.

ಅವರು ನೋಡಿದ್ದು ಶೆಡ್ಡಿನಲ್ಲಿ. ನಮ್ಮ ಮಳೆಗಾಲದಲ್ಲಿ ನಿಂತಲ್ಲೇ ಹತ್ತು ನಿಮಿಷ ಓಡಿಸಿದರೆ ರೇಡಿಯೇಟರ್ ನೀರು ಬಿಸಿಯಾದೀತೇ ಹೊರತು ಸಂಪಿನ ಆಯಿಲ್ ಪೂರ್ತಿ ಕಾಯುವುದಿಲ್ಲ. ಆದ್ದರಿಂದ ಸ್ವಿಚ್ಚಿನ ಜಾಗದಲ್ಲೇ ಗೇಜ್ ಕೂರಿಸಿ, ಮುಳ್ಳು 20 ಪಿಎಸ್ಐಗಿಂತ ಇಳಿದರೆ ಕೂಗುವಂತೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳನ್ನು ಸೆಕೆಂಡ್ ಗೇರಿನಲ್ಲಿ ಹತ್ತಿಸಲು ಹೊರಟೆ. ಮೊದಲ ಸಲ ಗೇಜಿಗೆ ಆಯಿಲ್ ತರುವ ಪ್ಲಾಸ್ಟಿಕ್ ಟ್ಯೂಬು ಹೊಗೆ ಹೋಗುವ ಬಿಸಿ ಮ್ಯಾನಿಫೋಲ್ಡಿಗೆ ತಗುಲಿ ಕರಗಿ, ಅರ್ಧ ಲೀಟರ್ ಆಯಿಲ್ ಘಾಟಿಯ ಪಾಲಾಯಿತು. ತಾಮ್ರದ ಪೈಪಿಗೆ ಇನ್ನೊಂದು 300 ರೂಪಾಯಿ ಬಿತ್ತು.

ಮೇಲೆ ನಿಲ್ಲಿಸಿದಾಗ ಮುಳ್ಳು ಐಡಲ್‌ನಲ್ಲಿ 5-6ಕ್ಕೆ ಇಳಿಯಿತು, ರೇಸ್ ಕೊಟ್ಟರೆ 40ರ ಹತ್ತಿರ ಏರಿತು. ಹಾಗಾಗಿ ಸ್ವಿಚ್ಚಿನದು ಸುಳ್ಳಲ್ಲ. ಸಂಪಿನೊಳಗೆ ಆಯಿಲ್ ಸೋಸುವ ಜಾಲರಿ, ಸ್ಟ್ರೈನರ್, ಕಟ್ಟಿದ್ದರೆ ರೇಸಿನಲ್ಲಿ ಹೀಗೆ ಏರುತ್ತಿರಲಿಲ್ಲ. ಬೇರಿಂಗಿನ ಮೇಲಿನ ಅನುಮಾನ ಮಾತ್ರ ಉಳಿಯುತ್ತಿತ್ತು, ಡಿಪ್‌ಸ್ಟಿಕ್ ಎಳೆದು ನೋಡದಿದ್ದರೆ. ಯಾರೂ ಆಯಿಲ್ ಸುರಿಯದಿದ್ದರೂ ಮಟ್ಟ ಮೇಲಿನ ಗೆರೆಯನ್ನು ದಾಟಿತ್ತು, ಡೀಸೆಲ್ ವಾಸನೆಯೂ ಇತ್ತು. ಅಂದರೆ ಡೀಸೆಲ್ ಬೆರೆತು ಆಯಿಲ್ ತೆಳುವಾಗಿ ಒತ್ತಡ ಇಳಿಯುತ್ತಿತ್ತು. ಅದೇ ಗ್ರೇಡಿನ ಹೊಸ ಆಯಿಲ್ ತುಂಬಿ ಮತ್ತೆ ಘಾಟಿ ಹತ್ತಿಸಿದಾಗ ಐಡಲ್‌ನಲ್ಲಿ 15ರ ಮೇಲೆ ನಿಂತಿತು. ಬೇರಿಂಗ್ ಅಷ್ಟು ಸವೆದಿದ್ದರೆ ಬರೀ ಆಯಿಲ್ ಬದಲಿಸಿದ್ದಕ್ಕೆ ಇಷ್ಟು ಚೇತರಿಕೆ ಕಾಣುವುದಿಲ್ಲ.

ಕುತೂಹಲಕ್ಕೆ ಹಳೆಯ ಮತ್ತು ಹೊಸ ಆಯಿಲಿನ ಒಂದೊಂದು ಹನಿಯನ್ನು ದಿನಪತ್ರಿಕೆಯ ಮೇಲೆ ಬಿಟ್ಟಿದ್ದೆ. ಹಳೆಯದರ ಸುತ್ತ ಅಗಲವಾದ ತಿಳಿ ಬಳೆ ಮೂಡಿತು, ಡೀಸೆಲ್ ಬೆರೆತದ್ದರ ಗುರುತು. ಹಿಂದೊಮ್ಮೆ ಇಂಥದ್ದೇ ದೂರಿನ ಗಾಡಿಗೆ ದಪ್ಪ ಆಯಿಲ್ ಹಾಕಿ ನೋಡಿದ್ದುಂಟು. ದೀಪವೇನೋ ಆರಿತು, ಸಂಪಿಗೆ ಡೀಸೆಲ್ ಇಳಿಯುವುದು ನಿಲ್ಲಲಿಲ್ಲ.

ಈ ಜೀಪಿನಲ್ಲಿ ಸೋರುತ್ತಿದ್ದುದು ಎಂಜಿನ್ನಿಗೆ ಡೀಸೆಲ್ ಒದಗಿಸುವ ಇಂಜೆಕ್ಷನ್ ಪಂಪಿನ ಸೀಲು. ಪಂಪ್ ಇಳಿಸುವ ಮೊದಲೇ ಅದನ್ನು ಖಚಿತಪಡಿಸಿಕೊಳ್ಳುವ ಉಪಾಯವೊಂದಿದೆ, ಅದು ನನ್ನಲ್ಲೇ ಇರಲಿ. ಸೀಲು, ಪಂಪಿನ ಕೂಲಿ, ಎರಡು ಸಲದ ಆಯಿಲ್ ಎಲ್ಲ ಸೇರಿ ಬಿಲ್ಲು 8,000ದ ಒಳಗೇ ಮುಗಿಯಿತು. ಘಾಟಿ ಓಡಾಟದ ಡೀಸೆಲ್ ಖರ್ಚನ್ನು ಮಾಲೀಕರೇ ಕೇಳಿ ಕೊಟ್ಟರು.