ಎಡ ಅಂಗೈಯ ನೀರು

ಟೋಕಿಯೊದ ಮೇಜಿ ಜಿಂಗೂ ದೇಗುಲದ ಅಂಗಳಕ್ಕೆ ಕಾಲಿಟ್ಟವನೇ ನಾನು ಶೂ ಬಿಚ್ಚತೊಡಗಿದೆ. ಜೊತೆಗಿದ್ದ ಹಿರಿಯ ಸಹೋದ್ಯೋಗಿ ಗಾಬರಿಯಿಂದ, "ಹಾಕಿಕೊಳ್ಳಿ, ಹಾಕಿಕೊಳ್ಳಿ" ಎಂದರು. ಪಾದರಕ್ಷೆ ಮೆಟ್ಟಿಕೊಂಡೇ ದೇವರೆದುರು ನಿಲ್ಲುವುದು ನನಗೆ ಇವತ್ತಿಗೂ ಪೂರ್ತಿ ಒಗ್ಗಿಲ್ಲ.

ಆಮೇಲೆ ಅವರು ಹೆಬ್ಬಾಗಿಲಿನಿಂದಲೇ ಪಾಠ ಶುರು ಮಾಡಿದರು. 'ತೋರಿ' ಎಂಬ ಆ ಹೆಬ್ಬಾಗಿಲಿನ ಮುಂದೆ ನಿಂತು ಒಮ್ಮೆ ತಲೆಬಾಗಬೇಕು. ದಾರಿಯ ನಟ್ಟನಡು ದೇವರದು, ನಾವು ಅಂಚಿನಲ್ಲಿ ನಡೆಯಬೇಕು. ನಾನು ಎಡವಿದ್ದು ನೀರಿನ ತೊಟ್ಟಿಯ ಹತ್ತಿರ. ಉದ್ದ ಹಿಡಿಯ ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯಬೇಕು, ಕೈ ಬದಲಿಸಿ ಬಲಗೈ ತೊಳೆಯಬೇಕು. ಮತ್ತೆ ಸೌಟು ಬಲಗೈಗೆ. ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಬೇಕು. ಸೌಟಿಗೆ ತುಟಿ ತಾಗಿಸುವಂತಿಲ್ಲ. ಕೊನೆಗೆ ಎಡಗೈಯನ್ನು ಇನ್ನೊಮ್ಮೆ ತೊಳೆದು, ಉಳಿದ ನೀರು ಹಿಡಿಯ ಮೇಲೆ ಇಳಿಯುವಂತೆ ಸೌಟನ್ನು ನೆಟ್ಟಗೆ ಎತ್ತಬೇಕು. ಇಷ್ಟೂ ಒಂದೇ ಸೌಟು ನೀರಿನಲ್ಲಿ!

ಎಡಗೈಯಿಂದ ಬಾಯಿಗೆ ನೀರೇ? ತುಂಬಿದ ಅಂಗೈ ಗಲ್ಲದ ಹತ್ತಿರ ಬಂದು ನಿಂತುಬಿಟ್ಟಿತು, ಬೆರಳ ಸಂದಿಯಿಂದ ನೀರೆಲ್ಲ ಸೋರಿಹೋಯಿತು. ಆಗ ನೆನಪಾದದ್ದು ನಮ್ಮ ಅಜ್ಜಿ. ದಿನ ಬೆಳಗಾದರೆ ಇಷ್ಟಲಿಂಗವನ್ನು ಅವರು ಇಟ್ಟುಕೊಳ್ಳುತ್ತಿದ್ದುದು ಎಡ ಅಂಗೈಯಲ್ಲೇ. ಮತ್ತೊಂದು ಸೌಟು ತುಂಬಿಕೊಂಡೆ.

ಮುಂದಿನದು ಸುಲಭ ಎಂದುಕೊಂಡಿದ್ದೆ. ಕಾಣಿಕೆ ಪೆಟ್ಟಿಗೆಗೆ ಐದು ಯೆನ್ ನಾಣ್ಯ ಹಾಕಿದೆ. ಜಪಾನಿಯಲ್ಲಿ 'ಗೊ-ಎನ್' ಎಂದರೆ ಐದು ಯೆನ್ನೂ ಹೌದು, ನಂಟೂ ಹೌದು. ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗಬೇಕು. ಭಜನೆಯಲ್ಲಿ ಪಳಗಿದ ಕೈ, ಮೂರನೆಯದನ್ನೂ ತಟ್ಟಿಬಿಟ್ಟಿತು. "ಇಜುಮೊ ದೇಗುಲದಲ್ಲಾದರೆ ನಾಲ್ಕು. ನೀವು ಅರ್ಧ ದಾರಿಯಲ್ಲಿ ನಿಂತಿರಿ" ಎಂದು ಅವರು ನಕ್ಕರು.

ಇಲ್ಲಿ ಪೂಜೆಗೊಳ್ಳುವವರು ಚಕ್ರವರ್ತಿ ಮೇಜಿ ಮತ್ತು ಅವರ ಪತ್ನಿ ಶೋಕೆನ್ ಎಂದು ಗೊತ್ತಾದದ್ದು ಹೊರಗೆ ಬಂದ ಮೇಲೆ. ನಾನು ರಾಜನೊಬ್ಬನಿಗೆ ಕೈಮುಗಿದೆನೇ? ಅರಮನೆಯ ಮುಂದೆ ತಲೆಬಾಗದ ಶರಣರ ವಚನ ಕೇಳುತ್ತ ಬೆಳೆದವನಿಗೆ ಇದು ಸಣ್ಣ ಮುಜುಗರವಲ್ಲ. ಆದರೆ 1920ರಲ್ಲಿ ಸ್ಥಾಪನೆಯಾದ ಆ ದೇಗುಲದ ಸುತ್ತಲಿನ ಕಾಡು ಕೈಯಿಂದ ನೆಟ್ಟದ್ದು. ದೇಶದ ಮೂಲೆಮೂಲೆಯಿಂದ ಜನ ಕೊಟ್ಟ ಸುಮಾರು 1 ಲಕ್ಷ ಮರಗಳು. ಆ ಮರಗಳಿಗೆ ತಲೆಬಾಗಲು ನನ್ನ ತಕರಾರಿಲ್ಲ. ಚಕ್ರವರ್ತಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ರಾತ್ರಿ ಫೋನಿನಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಗುರುವಾರ ದರ್ಗಾಕ್ಕೆ ಸಕ್ಕರೆ ಓದಿಸಲು ಹೋಗುವವಳು ಅವಳು. ಯಾವ ದೇವರು, ಯಾರ ದೇವರು ಎಂದು ಕೇಳಲಿಲ್ಲ.

"ಪ್ರಸಾದ ಏನು ಕೊಟ್ಟರು?"

"ಏನೂ ಕೊಡುವುದಿಲ್ಲವ್ವ."

"ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆಯಾ?"