ಗುಡ್ಡ ಇಳಿಯುವಾಗ ಮೊಣಕಾಲು ನೋಯದಿರಲು

ಕಾಸರಗೋಡಿನ ಪೊಸಡಿಗುಂಪೆಯಂತಹ ಗುಡ್ಡ ಇಳಿಯುವಾಗ ಮೊಣಕಾಲು ನೋಯುವವರು ನೆಟ್ಟಗೆ ಇಳಿಯಬೇಡಿ. ಮಂಡಿಯನ್ನು ತುಸು ಬಾಗಿಸಿ, ಗಿಡ್ಡ ಹೆಜ್ಜೆ ಇಡುತ್ತಾ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಇಳಿಯಿರಿ. ಓರೆಯಾಗಿ ನಡೆದರೆ ಇಳಿಜಾರು ಅಷ್ಟು ಕಡಿದಾಗಿರುವುದಿಲ್ಲ; ಮಂಡಿ ಬಾಗಿದ್ದರೆ ಮೈಭಾರದ ಹೊಡೆತವನ್ನು ತೊಡೆಯ ಮುಂಭಾಗದ ಸ್ನಾಯು ತಡೆದುಕೊಳ್ಳುತ್ತದೆ. ಕಾಲು ನೀಡಿ ಹಿಮ್ಮಡಿ ಕುಕ್ಕುವ ಉದ್ದ ಹೆಜ್ಜೆಯೇ ಕೀಲಿಗೆ ದೊಡ್ಡ ಪೆಟ್ಟು. ಅಭ್ಯಾಸವಿಲ್ಲದವರಿಗೆ ಮರುದಿನ ತೊಡೆ ನೋಯಬಹುದು, ಅದಕ್ಕೆ ಹೆದರಬೇಡಿ. ಆದರೆ ಮಳೆಗಾಲದಲ್ಲಿ ಈ ಉಪಾಯ ನಡೆಯದು: ಪಾಚಿ ಹಿಡಿದ ಮುರಕಲ್ಲಿನ (ಕೆಂಪುಕಲ್ಲಿನ) ಪಾರೆಯಲ್ಲಿ, ಅಂದರೆ ಬಂಡೆಹಾಸಿನಲ್ಲಿ, ಓರೆಯಾಗಿ ಇಟ್ಟ ಪಾದ ಪಕ್ಕಕ್ಕೆ ಜಾರಿಬಿಡುತ್ತದೆ. ಆಗ ಹುಲ್ಲಿರುವ ಅಂಚನ್ನೇ ಹಿಡಿದು, ಕೋಲೂರಿಕೊಂಡು ನಿಧಾನವಾಗಿ ಇಳಿಯಿರಿ. ಮಂಡಿ ಊದಿಕೊಂಡಿದ್ದರೆ ಮಾತ್ರ ಗುಡ್ಡದ ಆಸೆ ಬಿಟ್ಟು ಮೊದಲು ವೈದ್ಯರಿಗೆ ತೋರಿಸಿ.